ವಿಜಾಪುರದ ಗುಮ್ಮಟ, ಬರೋಡಾದ ಕಾಲೇಜು

ಊರಿನಿಂದ ನೆಂಟರು ಬಂದರೆ ಲಕ್ಷ್ಮೀವಿಲಾಸ ಅರಮನೆಗಿಂತ ಮೊದಲು ನಾನು ತೋರಿಸುವುದು ಸಯಾಜಿಗಂಜ್‌ನ ಆರ್ಟ್ಸ್ ಫ್ಯಾಕಲ್ಟಿ. ವಿಜಾಪುರದ ಕಡೆಯವರಾದರೆ "ಅರೆ, ನಮ್ಮ ಗೋಲಗುಮ್ಮಟ ಇಲ್ಲಿಗೆ ಹೆಂಗ ಬಂತು?" ಅಂತ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ಸರಿಯಾದದ್ದೇ!

ಬರೋಡಾ ಕಾಲೇಜು ಶುರುವಾದದ್ದು 1881ರಲ್ಲಿ. ಅದೇ ವರ್ಷದ ಕೊನೆಗೆ, ಹದಿನೆಂಟು ವರ್ಷದ ಸಯಾಜಿರಾವ್ ಗಾಯಕವಾಡರ ಕೈಗೆ ರಾಜ್ಯದ ಅಧಿಕಾರ ಬಂತು. ಕಟ್ಟಡದ ನಕ್ಷೆ ರಾಬರ್ಟ್ ಫೆಲೋಸ್ ಚಿಸಂ ಅವರದು. ಮದ್ರಾಸಿನಲ್ಲಿ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಕಟ್ಟಿದವರೂ ಇವರೇ. ಬರೋಡಾದಲ್ಲಿ ಅವರು ಮಾದರಿಯಾಗಿ ಇಟ್ಟುಕೊಂಡದ್ದು ವಿಜಾಪುರದ ಗೋಲಗುಮ್ಮಟವನ್ನು. ಇದು ದೇಶದ ಎರಡನೆಯ ದೊಡ್ಡ ಗುಮ್ಮಟ ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನಂತೂ ಟೇಪು ಹಿಡಿದು ಅಳೆದಿಲ್ಲ. ನನಗೆ ಹಿಡಿಸಿದ್ದು ಬೇರೆಯೇ ಸಂಗತಿ. ನಮ್ಮಲ್ಲಿ ಮಹಮದ್ ಆದಿಲ್ ಶಾಹನ ಗೋರಿಯ ಮೇಲೆ ಕೂತ ಗುಮ್ಮಟ ಇಲ್ಲಿ ಓದುವ ಹುಡುಗ ಹುಡುಗಿಯರ ತಲೆಯ ಮೇಲೆ ಕೂತಿದೆ.

ಈ ಕಾಲೇಜಿನಲ್ಲಿ ಅರವಿಂದ ಘೋಷ್ ಫ್ರೆಂಚ್, ಇಂಗ್ಲಿಷ್ ಕಲಿಸಿದರು, ಉಪ ಪ್ರಾಂಶುಪಾಲರೂ ಆದರು. 1893ರಲ್ಲಿ ಬರೋಡಾಕ್ಕೆ ಬಂದವರು 1906ರಲ್ಲಿ ಕಲ್ಕತ್ತಾಕ್ಕೆ ಹೋದರು. ಅವರ ವಿದ್ಯಾರ್ಥಿಗಳಲ್ಲಿ ಕೆ. ಎಂ. ಮುನ್ಶಿ ಒಬ್ಬರು. ಆಗ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಹಾಗಾಗಿ 1916ರಲ್ಲಿ ವಿನೋಬಾ ಎಂಬ ಹುಡುಗ ಇಂಟರ್ ಪರೀಕ್ಷೆಗೆಂದು ಮುಂಬಯಿ ರೈಲು ಹತ್ತಿದ. ಸೂರತ್‌ನಲ್ಲಿ ಇಳಿದವನು ಪರೀಕ್ಷೆಯನ್ನೇ ಬಿಟ್ಟು ಕಾಶಿಯ ದಾರಿ ಹಿಡಿದ! ಅದೇ ಜೂನ್‌ನಲ್ಲಿ ಅಹಮದಾಬಾದಿನ ಕೋಚರಬ್ ಆಶ್ರಮದಲ್ಲಿ ಗಾಂಧೀಜಿಯನ್ನು ಕಂಡ.

1949ರಲ್ಲಿ ಕಾಲೇಜು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಭಾಗವಾಯಿತು. ಮೊದಲ ಕುಲಪತಿ ಹಂಸಾ ಮೆಹತಾ ಇದೇ ಕಾಲೇಜಿನಲ್ಲಿ ಓದಿದವರು. ಮಾನವ ಹಕ್ಕುಗಳ ಜಾಗತಿಕ ಘೋಷಣೆಯ ಮೊದಲ ವಿಧಿಯಲ್ಲಿ 'ಎಲ್ಲ ಗಂಡಸರು' ಎನ್ನುವಂತಿದ್ದ ಮಾತನ್ನು 'ಎಲ್ಲ ಮನುಷ್ಯರು' ಎಂದು ಬದಲಿಸಲು ಹಟ ಹಿಡಿದವರು. ಪಾಠ ಇಂಗ್ಲಿಷಿನಲ್ಲಿ ನಡೆದದ್ದರಿಂದ ಗುಜರಾತಿ ಬಾರದ ಹೊರಗಿನವರಿಗೂ ಬಾಗಿಲು ತೆರೆದಿತ್ತು. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಶಿಲ್ಪಕಲೆ ಕಲಿತದ್ದು ಇಲ್ಲಿನ ಫೈನ್ ಆರ್ಟ್ಸ್‌ನಲ್ಲಿ.

ವಿದ್ಯಾರ್ಥಿಗಳ ಮಾತಿಗೆ ಈ ರಾಜ್ಯದಲ್ಲಿ ಎಷ್ಟು ಬಲವಿತ್ತು ಅಂತ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್. ಡಿ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಹಾಸ್ಟೆಲ್ ಊಟದ ಬಿಲ್ ಏರಿತೆಂದು ಗಲಾಟೆ ಎಬ್ಬಿಸಿದರು. ಅದು ನವನಿರ್ಮಾಣ ಚಳವಳಿಯಾಗಿ ಹಬ್ಬಿ, ಫೆಬ್ರವರಿ 1974ರಲ್ಲಿ ಮುಖ್ಯಮಂತ್ರಿ ಚಿಮನಭಾಯಿ ಪಟೇಲ್ ರಾಜೀನಾಮೆ ಕೊಡಬೇಕಾಯಿತು.

ಇನ್ನೊಂದು ಮುಖವೂ ಇದೆ. 2007ರ ಮೇ ತಿಂಗಳಲ್ಲಿ ಇಲ್ಲಿನ ಫೈನ್ ಆರ್ಟ್ಸ್‌ನ ವಿದ್ಯಾರ್ಥಿಯೊಬ್ಬ ಪರೀಕ್ಷೆಗೆಂದು ಇಟ್ಟ ಚಿತ್ರಗಳ ಬಗ್ಗೆ ಹೊರಗಿನವರು ತಕರಾರು ತೆಗೆದರು, ಪೊಲೀಸರು ಅವನನ್ನು ಬಂಧಿಸಿದರು. ಅವನ ಪರ ನಿಂತ ಪ್ರಭಾರ ಡೀನ್ ಅಮಾನತಾದರು. 2023ರ ಹೊಸ ಕಾಯ್ದೆ ಬಂದ ಮೇಲೆ 1949ರ ಕಾಯ್ದೆ ಹೋಯಿತು. ಅದರ ಜೊತೆ ಸೆನೆಟ್, ಸಿಂಡಿಕೇಟ್ ಕೂಡ ಹೋಗಿ ಆಡಳಿತ ಮಂಡಳಿ ಬಂತು. ಪದವೀಧರರು ಓಟು ಹಾಕಿ ತಮ್ಮವರನ್ನು ಸೆನೆಟ್ಟಿಗೆ ಕಳಿಸುತ್ತಿದ್ದ ಪದ್ಧತಿ ಮುಗಿಯಿತು. ಸೆನೆಟ್ಟಿನಲ್ಲಿ ಬರೀ ರಾಜಕೀಯ, ಹೋದದ್ದೇ ಒಳ್ಳೆಯದಾಯಿತು ಅನ್ನುವವರೂ ಇದ್ದಾರೆ. ರಾಜಕೀಯ ಇತ್ತು, ನಿಜ. ಆದರೆ ಪ್ರಶ್ನೆ ಕೇಳುವ ಜಾಗವೂ ಅದೇ ಆಗಿತ್ತಲ್ಲ?

ಗೋಲಗುಮ್ಮಟದ ಒಳಸುತ್ತಿನಲ್ಲಿ ನಿಂತು ಪಿಸುಗುಟ್ಟಿದರೆ ಎದುರು ಬದಿಯವರಿಗೂ ಕೇಳುತ್ತದೆ. ಬರೋಡಾಕ್ಕೆ ಗುಮ್ಮಟದ ಆಕಾರ ಬಂತು. ಈಗಲೂ ನವರಾತ್ರಿಗೆ ಫೈನ್ ಆರ್ಟ್ಸ್ ಅಂಗಳದ ಗರಬಾ ನೋಡಲು ಊರೇ ಹೋಗುತ್ತದೆ, ಹುಡುಗರ ಹಾಡು ದೂರದವರೆಗೆ ಕೇಳುತ್ತದೆ. ಅವರ ಮಾತೂ ಹಾಗೇ ಕೇಳಬೇಕು ಅನ್ನುವುದು ಇಲ್ಲೇ ಬೇರುಬಿಟ್ಟ ನನ್ನಂಥವನ ಆಸೆ. ನಮ್ಮ ಮಕ್ಕಳೂ ಓದುವುದು ಇಲ್ಲೇ ತಾನೆ?