ಶರತ್ಕಾಲದ ಬಿತ್ತನೆ

ಮಹಾನವಮಿ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಬೊಂಬೆಗಳನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಸಂಭ್ರಮ. ಅದೇ ದಿನಗಳಲ್ಲಿ ಹೂವಿನ ಬೀಜದ ಪೊಟ್ಟಣಗಳನ್ನೂ ಹೊರತೆಗೆಯಬೇಕೆಂಬುದು ಬೆಂಗಳೂರಿನ ತೋಟಗಾರನ ಪಂಚಾಂಗ. ಈ ಪಂಚಾಂಗದ ಹಿಂದೆ ಒಂದು ಚರಿತ್ರೆಯಿದೆ. ಅದನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲು ನನ್ನ ಅವಿವೇಕವೊಂದನ್ನು ಒಪ್ಪಿಕೊಳ್ಳುತ್ತೇನೆ. ಇಂಗ್ಲಿಷ್ ತೋಟಗಾರಿಕೆಯ ಪುಸ್ತಕವೊಂದನ್ನು ನಂಬಿ, ಅದು ವಿಧಿಸಿದಂತೆ ಮಾರ್ಚಿ ತಿಂಗಳಿನಲ್ಲಿ ಸ್ವೀಟ್‌ಪೀ ಬೀಜಗಳನ್ನು ಬಿತ್ತಿದೆ. ಮೊಳಕೆಗಳೇನೋ ಬಂದುವು, ಏಪ್ರಿಲಿನ ಬಿಸಿಲಿಗೆ ಒಂದೂ ಉಳಿಯಲಿಲ್ಲ. ಪುಸ್ತಕದಲ್ಲಿ ತಪ್ಪಿರಲಿಲ್ಲ; ಅದು ಬೇರೊಂದು ಆಕಾಶದ ಕೆಳಗೆ ಬರೆದುದಾಗಿತ್ತು.

ತೋಟದ ವಿದ್ಯೆ ನಮಗೆ ಹೊಸದಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನವುಂಟು. 1760ರಲ್ಲಿ ಹೈದರಾಲಿಯು ಲಾಲ್‌ಬಾಗಿಗೆ ಅಡಿಪಾಯ ಹಾಕಿದನು; ಟಿಪ್ಪುವು ದೂರದೇಶಗಳ ಗಿಡಗಳನ್ನು ತರಿಸಿ ಅದನ್ನು ಬೆಳೆಸಿದನು. 1800ರಲ್ಲಿ ಆ ತೋಟವನ್ನು ಕಂಡ ಫ್ರಾನ್ಸಿಸ್ ಬುಕಾನನ್ನನು, ಕಾಲುದಾರಿಗಳಿಂದ ಬೇರ್ಪಟ್ಟ ಚೌಕವಾದ ಮಡಿಗಳನ್ನೂ, ಒಂದು ಮಡಿಯಲ್ಲಿ ಗುಲಾಬಿ, ಮತ್ತೊಂದರಲ್ಲಿ ದಾಳಿಂಬೆ ಎಂಬಂತೆ ಬೆಳೆದುದನ್ನೂ ವರ್ಣಿಸಿದ್ದಾನೆ.

1856ರಲ್ಲಿ ಲಾಲ್‌ಬಾಗು ಸರ್ಕಾರಿ ಸಸ್ಯೋದ್ಯಾನವಾಯಿತು. ಅನಂತರ 1874ರಲ್ಲಿ ಅಧಿಕಾರ ವಹಿಸಿಕೊಂಡ ಜಾನ್ ಕ್ಯಾಮೆರಾನ್, 1908ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬೀಗಲ್, 1932ರಲ್ಲಿ ಅವರ ಉತ್ತರಾಧಿಕಾರಿಗಳಾದ ಎಚ್. ಸಿ. ಜವರಾಯರು, ಇವರೆಲ್ಲರೂ ಲಂಡನ್ ಬಳಿಯ ಕ್ಯೂ ಉದ್ಯಾನದ ಅನುಭವವುಳ್ಳವರು. ನಮ್ಮ ಅಡುಗೆಮನೆಗೆ ಸೀಮೆಬದನೆಯನ್ನು ಕೊಟ್ಟ ಕೀರ್ತಿ ಕ್ಯಾಮೆರಾನರದು. ಆದರೆ ಯೂರೋಪಿನಲ್ಲಿ ಕಲಿತ ಋತುಕ್ರಮವು ಇಲ್ಲಿ ತಲೆಕೆಳಗಾಗುವುದು. ಅಲ್ಲಿ ಶರತ್ಕಾಲವೆಂದರೆ ಎಲೆಯುದುರುವ ಕಾಲ, ಹಿಮಂತವೆಂದರೆ ತೋಟದ ನಿದ್ರೆ. ಬೆಂಗಳೂರಾದರೋ 13ನೆಯ ಅಕ್ಷಾಂಶದ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳ ಎತ್ತರದಲ್ಲಿದೆ. ಡಿಸೆಂಬರ್, ಜನವರಿಗಳ ರಾತ್ರಿಯ ಉಷ್ಣತೆ ಸಾಧಾರಣವಾಗಿ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುವುದು. ಅವರ ಬೇಸಗೆಯೇ ನಮ್ಮ ಚಳಿಗಾಲ. ಆದುದರಿಂದ ಅವರ ಬೇಸಗೆಯ ಹೂಗಳು ನಮ್ಮಲ್ಲಿ ಹೇಮಂತದ ಹೂಗಳಾದುವು.

ಈ ತತ್ತ್ವವನ್ನು ತಿಳಿದಮೇಲೆ ಕೆಲಸ ಸುಲಭ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಮಳೆ ಹೆಚ್ಚು. ಆದಕಾರಣ ಬೀಜಗಳನ್ನು ತೂತುಳ್ಳ ಅಗಲವಾದ ಕುಂಡಗಳಲ್ಲಿ ಬಿತ್ತಿ ಸೂರಿನಡಿ ಇಡತಕ್ಕದ್ದು. ಕೆಮ್ಮಣ್ಣು, ಮರಳು, ಕೊಳೆತ ಎಲೆಗೊಬ್ಬರ ಸಮಭಾಗವಾಗಿರಲಿ. ಪಿಟೂನಿಯದಂಥ ಧೂಳಿನಷ್ಟು ಸಣ್ಣ ಬೀಜಕ್ಕೆ ಮಣ್ಣು ಮುಚ್ಚಬೇಕಾದುದಿಲ್ಲ, ಮೇಲೆ ಉದುರಿಸಿದರೆ ಸಾಕು. ಫ್ಲಾಕ್ಸ್, ಆಸ್ಟರ್, ಸಾಲ್ವಿಯಾ ಸಸಿಗಳು ನಾಲ್ಕೈದು ಎಲೆ ಬಿಟ್ಟಾಗ ಸಂಜೆಯ ಹೊತ್ತು ಮಡಿಗೆ ಕೀಳಿಸಿ ನೆಡಬೇಕು. ಸ್ವೀಟ್‌ಪೀ ಮಾತ್ರ ಸ್ಥಳಾಂತರವನ್ನು ಸಹಿಸದು. ರಾತ್ರಿ ನೆನೆಯಿಸಿ ನಿಂತಲ್ಲಿಯೇ ಬಿತ್ತಬೇಕು. ಎಲೆಕೋಸು, ಹೂಕೋಸು, ನವಿಲುಕೋಸು, ಬಟಾಣಿಗಳಿಗೂ ಇದೇ ಸಮಯ. ಮಳೆಯ ಬಿರುಸು ತಗ್ಗಿದೊಡನೆ ಗುಲಾಬಿಯ ಒಣಗಿದ ಮತ್ತು ಬಡಕಲಾದ ಕಡ್ಡಿಗಳನ್ನು ಸವರಿ ಗೊಬ್ಬರ ಕೊಟ್ಟರೆ ಮಾರ್ಗಶಿರದ ಹೊತ್ತಿಗೆ ಹೂ ಕಾಣುವುದು.

ಅಕ್ಟೋಬರಿನಲ್ಲಿ ಬಿತ್ತಿದ ಅನೇಕ ಹೂಗಿಡಗಳು ಜನವರಿಯಲ್ಲಿ ತುಂಬಿ ಅರಳುತ್ತವೆ. 1889ರ ನವೆಂಬರ್ 30ರಂದು ಶಂಕುಸ್ಥಾಪನೆಯಾದ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಗಣರಾಜ್ಯೋತ್ಸವದ ಸಮಯಕ್ಕೆ ನಡೆಯುವ ಫಲಪುಷ್ಪ ಪ್ರದರ್ಶನದ ಸೊಬಗಿಗೆ, ಮೂರು ತಿಂಗಳ ಹಿಂದೆ ಮಾಲಿಯೊಬ್ಬನು ಮಳೆಯಿಂದ ಕಾಪಾಡಿದ ಸಸಿಯೇ ಮೂಲ.

ಕ್ರುಂಬೀಗಲರು ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಯುದ್ಧಕಾಲದಲ್ಲಿ ಬಂಧನವನ್ನು ಅನುಭವಿಸಿದರು. ಹಾಗಿದ್ದರೂ ಈ ಊರನ್ನು ಬಿಡದೆ 1956ರಲ್ಲಿ ಇಲ್ಲಿಯೇ ತೀರಿಕೊಂಡರು. ಹೊರಗಿನಿಂದ ಬಂದ ಗಿಡವೂ ಮನುಷ್ಯನೂ ಈ ಮಣ್ಣಿನಲ್ಲಿ ಬೇರೂರಿದುದು, ಇಲ್ಲಿಯ ಋತುವಿಗೆ ತಾವು ಒಗ್ಗಿದುದರಿಂದ. ಈಗ ನಗರದಲ್ಲಿ ಹಿತ್ತಿಲುಗಳು ಅಳಿಯುತ್ತಿವೆ; ಹಿತ್ತಿಲು ಅಳಿದಂತೆ, ಯಾವ ತಿಂಗಳಲ್ಲಿ ಯಾವುದನ್ನು ಬಿತ್ತಬೇಕೆಂಬ ಅರಿವೂ ಅಳಿಯುವುದು. ಅದು ಪುಸ್ತಕದಿಂದಲ್ಲ, ಕೈಯಿಂದ ಕೈಗೆ ದಾಟತಕ್ಕ ವಿದ್ಯೆ. ಅಂಗಳವಿಲ್ಲದವರು ಮಹಡಿಯ ಮೇಲೆ ಒಂದು ಕುಂಡವನ್ನಾದರೂ ಇಟ್ಟು, ಈ ಮಹಾನವಮಿಗೆ ಮನೆಯ ಮಕ್ಕಳ ಕೈಯಿಂದ ನಾಲ್ಕು ಬೀಜಗಳನ್ನು ಬಿತ್ತಿಸಲಿ. ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಅದು ತಾನೇ ಉತ್ತರ ಹೇಳುವುದು.