ರಾತ್ರಿ ಎರಡರ ಪಾಳಿ

ನಮ್ಮೂರ ಭಜನಾ ಮಂದಿರದಲ್ಲಿ ವರ್ಷಕ್ಕೊಮ್ಮೆ ಏಕಾಹ ಭಜನೆ. ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಹಾಡು ನಿಲ್ಲುವ ಹಾಗಿಲ್ಲ. ಸಂಜೆ ಏಳರ ಪಾಳಿಗೆ ಜನವೋ ಜನ. ರಾತ್ರಿ ಎರಡರ ಪಾಳಿಗೆ ಯಾರೂ ಇಲ್ಲ. ಅಪ್ಪ ಪ್ರತಿವರ್ಷ ಅದನ್ನೇ ಕೇಳಿ ತಗೊಳ್ತಿದ್ರು. ಪಕ್ಕದಲ್ಲಿ ತಾಳ ಹಿಡಿದು ತೂಕಡಿಸುತ್ತಿದ್ದ ನನಗೆ ಒಂದೇ ಪ್ರಶ್ನೆ: ಈ ಹೊತ್ತಲ್ಲಿ ಯಾವ ದೇವರು ಎದ್ದಿರ್ತಾನೆ? ಈಗ ಬೆಂಗಳೂರಲ್ಲಿ ಆನ್‌ಕಾಲ್ ವಾರ ಬಂದಾಗ, ಅದೇ ಹೊತ್ತಿಗೆ ಎದ್ದು ಲ್ಯಾಪ್‌ಟಾಪ್ ತೆರೆಯುವಾಗ ಅಪ್ಪ ನೆನಪಾಗ್ತಾರೆ.

ಇಂಥ ಪಾಳಿಯನ್ನು ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಊರೇ ಹಂಚಿಕೊಂಡಿತ್ತು ಅಂತ ಗೊತ್ತಾಗಿದ್ದು ಇತ್ತೀಚೆಗೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಬಗ್ಗೆ ಓದುತ್ತಿದ್ದೆ. ಅದರ ಬೇರು ಹುಡುಕುತ್ತಾ ಪಯಟಿಸಂ ಎಂಬ ಜರ್ಮನ್ ಭಕ್ತಿ ಚಳವಳಿಗೆ ಹೋದೆ. ಅಲ್ಲಿ ಸಿಕ್ಕಿದ್ದು ಹೆರ್ನ್‌ಹೂಟ್.

1722ರಲ್ಲಿ ಮೊರಾವಿಯಾದಿಂದ, ಅಂದರೆ ಇಂದಿನ ಚೆಕ್ ದೇಶದ ಕಡೆಯಿಂದ, ಧರ್ಮದ ಕಾರಣಕ್ಕೆ ಕಿರುಕುಳ ಅನುಭವಿಸಿದ ಕೆಲವು ಕುಟುಂಬಗಳು ಸ್ಯಾಕ್ಸನಿಗೆ ಓಡಿ ಬಂದವು. ಜಿನ್ಜೆಂಡಾರ್ಫ್ ಎಂಬ ಯುವ ಜಮೀನ್ದಾರ ತನ್ನ ನೆಲದಲ್ಲಿ ಜಾಗ ಕೊಟ್ಟ. ಬಡಗಿ ಕ್ರಿಸ್ಟಿಯನ್ ಡೇವಿಡ್ ಮೊದಲ ಮರ ಕಡಿದ. ಊರಿನ ಹೆಸರಿನ ಅರ್ಥವೇ ಒಡೆಯನ ಕಾವಲು. ಆದರೆ ಐದು ವರ್ಷದೊಳಗೆ ಅಲ್ಲಿ ಬರೀ ಜಗಳ. ಒಬ್ಬರ ಪೂಜಾಕ್ರಮ ಇನ್ನೊಬ್ಬರಿಗಾಗದು, ಆಶ್ರಯ ಕೊಟ್ಟ ಜಮೀನ್ದಾರನನ್ನೇ ಬೈಯುವವರೂ ಇದ್ದರು.

ಆತ ಡ್ರೆಸ್ಡೆನ್ ಆಸ್ಥಾನದ ಕೆಲಸಕ್ಕೆ ರಜೆ ಹಾಕಿ ಮನೆಮನೆಗೆ ಹೋದ. ಒಟ್ಟಿಗೆ ಬಾಳಲು ನಿಯಮಗಳಾದವು. 1727ರ ಆಗಸ್ಟ್ 13ರಂದು ಎಲ್ಲರೂ ಸೇರಿ ಪ್ರಭುಭೋಜನ ಸ್ವೀಕರಿಸಿದಾಗ ಮನಸ್ಸುಗಳು ಕರಗಿದವು. ಎರಡು ವಾರದ ನಂತರ 24 ಗಂಡಸರು, 24 ಹೆಂಗಸರು ಒಂದು ಒಪ್ಪಂದಕ್ಕೆ ಬಂದರು. ಗಂಟೆಗೊಬ್ಬ ಗಂಡಸು, ಒಬ್ಬ ಹೆಂಗಸು, ತಮ್ಮ ತಮ್ಮ ಜಾಗದಲ್ಲೇ ಪ್ರಾರ್ಥಿಸಬೇಕು. ಹಗಲು ರಾತ್ರಿ ಯಾವ ಗಂಟೆಯೂ ಖಾಲಿ ಇರಬಾರದು. ಈ ಸರಪಳಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು ಎನ್ನುತ್ತದೆ ಮೊರಾವಿಯನ್ ಪರಂಪರೆ.

ನನಗೆ ಮುಖ್ಯ ಅನಿಸೋದು ನೂರು ವರ್ಷದ ದಾಖಲೆಯಲ್ಲ. ಬೇಕಾದ್ದನ್ನು ಕೇಳಿಕೊಳ್ಳುವುದೇ ಪ್ರಾರ್ಥನೆ ಅಂದುಕೊಂಡಿದ್ದೆ. ಇಲ್ಲಿ ಅದು ಪಾಳಿಯಾಗಿತ್ತು. ಮನಸ್ಸಿದ್ದರೂ ಇಲ್ಲದಿದ್ದರೂ, ನಿನ್ನೆ ಜಗಳವಾಡಿದ ನೆರೆಯವನಿಗಾಗಿಯೂ ಎದ್ದು ಕೂರಬೇಕು. ಅವರ ಶಿಷ್ಯತ್ವದ ಮೊದಲ ಅಭ್ಯಾಸ ಅದು.

ಎರಡನೆಯದು ಹೊರಡುವುದು. 1731ರಲ್ಲಿ ಜಿನ್ಜೆಂಡಾರ್ಫ್ ಕೋಪನ್‌ಹೇಗನ್‌ನಲ್ಲಿ ಆಂಟನ್ ಎಂಬ ಕಪ್ಪು ಸೇವಕನನ್ನು ಭೇಟಿಯಾದ. ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದಲ್ಲಿ ಗುಲಾಮಳಾಗಿದ್ದ ತನ್ನ ಅಕ್ಕನ ಕತೆ ಹೇಳಿದ ಆಂಟನ್. ಅದು ಊರಿಗೆ ಮುಟ್ಟಿದ ರಾತ್ರಿ ಕುಂಬಾರ ಲಿಯೊನಾರ್ಡ್ ಡೋಬರ್‌ಗೆ ನಿದ್ದೆ ಬರಲಿಲ್ಲ. ಊರಿನವರು ಒಪ್ಪಲು ವರ್ಷವೇ ಹಿಡಿಯಿತು. 1732ರಲ್ಲಿ ಡೋಬರ್, ಬಡಗಿ ಡೇವಿಡ್ ನಿಚ್‌ಮನ್ ಹೊರಟರು. ಇವರು ತಮ್ಮನ್ನೇ ಗುಲಾಮರಾಗಿ ಮಾರಿಕೊಂಡರು ಅನ್ನೋದು ಚೆಂದದ ಕತೆ, ನಿಜವಲ್ಲ. ಅಲ್ಲಿ ನಿಚ್‌ಮನ್ ಬಡಗಿ ಕೆಲಸ ಮಾಡಿ ಇಬ್ಬರ ಹೊಟ್ಟೆ ಹೊರೆದ. ಡೋಬರ್‌ನ ಕುಂಬಾರಿಕೆ ನಡೆಯಲೇ ಇಲ್ಲ.

ಕತೆ ಇಲ್ಲಿಗೇ ನಿಲ್ಲಿಸಿದರೆ ಫಾರ್ವರ್ಡ್ ಮಾಡೋಕೆ ಚೆನ್ನಾಗಿರುತ್ತೆ. ಆದರೆ 1730ರ ದಶಕ ಮುಗಿಯುವ ಮೊದಲೇ ಅದೇ ದ್ವೀಪದಲ್ಲಿ ಮಿಷನ್ ಒಂದು ತೋಟ ಕೊಂಡಿತು. ಜೊತೆಗೆ ಗುಲಾಮರನ್ನೂ. 1739ರಲ್ಲಿ ಅಲ್ಲಿಗೆ ಹೋದ ಜಿನ್ಜೆಂಡಾರ್ಫ್ ಜೈಲಿನಲ್ಲಿದ್ದ ಮಿಷನರಿಗಳನ್ನೇನೋ ಬಿಡಿಸಿದ. ಗುಲಾಮರಿಗೆ ಮಾತ್ರ, ನಿಮ್ಮ ಸ್ಥಿತಿ ದೇವರೇ ಇಟ್ಟದ್ದು, ಒಡೆಯರಿಗೆ ವಿಧೇಯರಾಗಿರಿ ಎಂದು ಬೋಧಿಸಿ ಬಂದ. ಆ ಡ್ಯಾನಿಶ್ ದ್ವೀಪಗಳಲ್ಲಿ ಗುಲಾಮಗಿರಿ ಹೋಗಿದ್ದು 1848ರಲ್ಲಿ. ಆ ಕಾಲದ ಬಹುಪಾಲು ಹೆರ್ನ್‌ಹೂಟ್‌ನಲ್ಲಿ ಪ್ರಾರ್ಥನೆ ನಡೆದೇ ಇತ್ತು ಎನ್ನುತ್ತದೆ ಅದೇ ಪರಂಪರೆ.

ಹಾಗಾದರೆ ಪ್ರಾರ್ಥನೆ ಸೋತಿತಾ? ಅಷ್ಟು ಸುಲಭವಾಗಿ ಹೇಳಲಾರೆ. ಯಾರದೋ ಅಕ್ಕನ ಸಂಕಟಕ್ಕೆ ಒಬ್ಬ ಕುಂಬಾರನ ನಿದ್ದೆ ಕೆಡಿಸುವಂಥ ಮನಸ್ಸನ್ನು ಹದಮಾಡಿದ್ದು ಅದೇ ಅಭ್ಯಾಸ. ಆದರೆ ಅವಳ ಆತ್ಮಕ್ಕಾಗಿ ಎದ್ದು ಕೂತವರಿಗೆ ಅವಳ ಕಾಲಿನ ಸಂಕೋಲೆ ಕಾಣಲಿಲ್ಲ. ಶಿಷ್ಯ ಅಂದರೆ ಇನ್ನೂ ಕಲಿಯುತ್ತಿರುವವನು. ಪ್ರಾರ್ಥನೆ ಅವನನ್ನು ಎಚ್ಚರವಾಗಿಡಬಹುದು. ಎದ್ದ ಮೇಲೆ ಯಾರನ್ನು ನೋಡಬೇಕು, ಏನನ್ನು ಬಿಡಬೇಕು ಅನ್ನೋದನ್ನು ಅವನೇ ಕಲಿಯಬೇಕು.

ಮೊನ್ನೆ ಊರಿಗೆ ಹೋದಾಗ, ಎರಡರ ಪಾಳಿಯನ್ನೇ ಯಾಕೆ ಕೇಳಿ ತಗೊಳ್ತಿದ್ರಿ ಅಂತ ಅಪ್ಪನನ್ನು ಕೇಳಿದೆ. "ಆ ಹೊತ್ತಿಗೆ ಯಾರೂ ಇರ್ತಿರ್ಲಿಲ್ವಲ್ಲ ಮಾರಾಯ" ಅಂದ್ರು.