ಬಲಿಷ್ಠ ಅಯಸ್ಕಾಂತಕ್ಕೆ ಶಾಖವೇ ಸವಾಲು

ವಿದ್ಯುತ್ ಕಾರಿನ ಮೋಟಾರು, ಗಾಳಿಯಂತ್ರದ ಜನರೇಟರ್, ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಮುಂತಾದವುಗಳಲ್ಲಿ ಬಳಕೆಯಾಗುವ ಬಲಿಷ್ಠ ಶಾಶ್ವತ ಅಯಸ್ಕಾಂತಗಳು ವಿರಳ ಭೂಧಾತುಗಳ ಮಿಶ್ರಲೋಹದಿಂದ ತಯಾರಾಗುತ್ತವೆ. ಇವುಗಳ ಪೈಕಿ ನಿಯೋಡಿಮಿಯಂ, ಕಬ್ಬಿಣ ಹಾಗೂ ಬೋರಾನ್‌ಗಳ ಮಿಶ್ರಣಕ್ಕೆ ಅಗ್ರಸ್ಥಾನ.

ಬಲದ ಗುಟ್ಟು

ಉತ್ತಮ ಅಯಸ್ಕಾಂತಕ್ಕೆ ಎರಡು ಗುಣಗಳು ಬೇಕು: ಅಧಿಕ ಕಾಂತತ್ವ ಹಾಗೂ ವಿರುದ್ಧ ಕಾಂತಕ್ಷೇತ್ರ ಎದುರಾದರೂ ಅದನ್ನು ಬಿಟ್ಟುಕೊಡದ ಸಾಮರ್ಥ್ಯ. ಕಬ್ಬಿಣಕ್ಕೆ ಮೊದಲನೆಯದು ಹೇರಳವಾಗಿದೆ, ಎರಡನೆಯದು ತೀರಾ ಕಡಿಮೆ. ಈ ಕೊರತೆಯನ್ನು ನಿಯೋಡಿಮಿಯಂ ತುಂಬುತ್ತದೆ. ಅದರ ಪರಮಾಣುವಿನ ಒಳಕವಚದ ಎಲೆಕ್ಟ್ರಾನುಗಳು ಹರಳಿನ ಒಂದೇ ಅಕ್ಷದ ಗುಂಟ ಕಾಂತತ್ವವನ್ನು ಬಿಗಿಹಿಡಿಯುತ್ತವೆ.

ಬೆಳೆದುಬಂದ ಹಾದಿ

1960ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಪ್ರಯೋಗಾಲಯದಲ್ಲಿ ಕಾರ್ಲ್ ಸ್ಟ್ರನಾಟ್ ನಡೆಸಿದ ಸಂಶೋಧನೆ ಸಮೇರಿಯಂ-ಕೋಬಾಲ್ಟ್ ಅಯಸ್ಕಾಂತಕ್ಕೆ ದಾರಿ ಮಾಡಿತು. 1978ರಲ್ಲಿ ಝೈರ್ ದೇಶದ ಗಣಿ ಪ್ರಾಂತ್ಯದಲ್ಲಿ ಸಂಘರ್ಷ ತಲೆದೋರಿ ಕೋಬಾಲ್ಟ್ ಬೆಲೆ ಗಗನಕ್ಕೇರಿದಾಗ ಪರ್ಯಾಯದ ಹುಡುಕಾಟ ಚುರುಕಾಯಿತು. 1983ರಲ್ಲಿ ಜಪಾನಿನ ಮಸಾಟೊ ಸಗಾವಾ ಹಾಗೂ ಅಮೆರಿಕದ ಜಾನ್ ಕ್ರೋಟ್ ಪ್ರತ್ಯೇಕವಾಗಿ ನಿಯೋಡಿಮಿಯಂ ಅಯಸ್ಕಾಂತವನ್ನು ಪ್ರಕಟಿಸಿದರು. ಗರಿಷ್ಠ ಕಾಂತಶಕ್ತಿಯ ಅಳತೆಯಲ್ಲಿ ಅದು ಸಾಧಾರಣ ಫೆರೈಟ್‌ಗಿಂತ ಸುಮಾರು ಹತ್ತು ಪಟ್ಟು ಮುಂದಿದೆ.

ಶಾಖದ ಮಿತಿ

ಸುಮಾರು 312 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಮಿಶ್ರಲೋಹ ಕಾಂತತ್ವವನ್ನು ಪೂರ್ತಿ ಕಳೆದುಕೊಳ್ಳುತ್ತದೆ. ಸಾಮಾನ್ಯ ದರ್ಜೆಯದು 80 ಡಿಗ್ರಿ ದಾಟಿದರೇ ದುರ್ಬಲಗೊಳ್ಳತೊಡಗುತ್ತದೆ. ಸಮೇರಿಯಂ-ಕೋಬಾಲ್ಟ್‌ನಲ್ಲಿ ಈ ಅಂತಿಮ ಮಿತಿ 700 ಡಿಗ್ರಿಗೂ ಹೆಚ್ಚು. ಆದರೆ ಬಲ ಕಡಿಮೆ, ಬೆಲೆ ಅಧಿಕ. ಬಿಸಿಯೇರುವ ಮೋಟಾರುಗಳಿಗಾಗಿ ನಿಯೋಡಿಮಿಯಂ ಮಿಶ್ರಣಕ್ಕೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸೇರಿಸಲಾಗುತ್ತದೆ. ಇವು ಕಾಂತತ್ವದ ದಿಕ್ಕನ್ನು ಮತ್ತಷ್ಟು ಬಿಗಿಗೊಳಿಸುತ್ತವೆಯಾದರೂ ಇವುಗಳ ಕಾಂತತ್ವ ಕಬ್ಬಿಣದ್ದಕ್ಕೆ ವಿರುದ್ಧ ದಿಕ್ಕಿನಲ್ಲಿರುವುದರಿಂದ ಒಟ್ಟು ಬಲ ತುಸು ತಗ್ಗುತ್ತದೆ. ಹರಳುಕಣಗಳ ಅಂಚಿಗೆ ಮಾತ್ರ ಇವನ್ನು ಇಳಿಸುವ ವಿಧಾನದಿಂದ ಬಳಕೆಯ ಪ್ರಮಾಣವನ್ನು ಮಿತಗೊಳಿಸಲು ಸಾಧ್ಯವಾಗಿದೆ.

ಪೂರೈಕೆಯ ಪ್ರಶ್ನೆ

ವಿಶ್ವದ ಇಂತಹ ಅಯಸ್ಕಾಂತಗಳಲ್ಲಿ ಸುಮಾರು ಶೇ 90ರಷ್ಟನ್ನು ಚೀನಾ ತಯಾರಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಆ ದೇಶ ಸಮೇರಿಯಂ, ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿದಂತೆ ಏಳು ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದಾಗ ಭಾರತದ ವಾಹನೋದ್ಯಮಕ್ಕೂ ಬಿಸಿ ತಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ವಾರ್ಷಿಕ 6,000 ಟನ್ ಅಯಸ್ಕಾಂತ ತಯಾರಿಕಾ ಸಾಮರ್ಥ್ಯದ ಗುರಿಯೊಂದಿಗೆ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು.

ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮೊನಜೈಟ್ ಮರಳಿನಲ್ಲಿ ನಿಯೋಡಿಮಿಯಂ ಇದೆ. ಆದರೆ ಡಿಸ್ಪ್ರೋಸಿಯಂನಂತಹ ಭಾರ ಧಾತುಗಳು ಅದರಲ್ಲಿ ಅತ್ಯಲ್ಪ. ಆದ್ದರಿಂದ ದೇಶದಲ್ಲಿ ಅಯಸ್ಕಾಂತ ತಯಾರಿಸುವುದರ ಜೊತೆಗೆ, ಡಿಸ್ಪ್ರೋಸಿಯಂ ಇಲ್ಲದೆಯೇ ಅದು ಶಾಖ ತಾಳುವಂತೆ ಮಾಡುವುದೂ ತಂತ್ರಜ್ಞರ ಮುಂದಿರುವ ಹೊಣೆಯಾಗಿದೆ.